ಒಂದು ಟ್ರಿಪ್ಪಿಗೆ ಒಂದು ಚಾ

ನಮ್ಮ ಸೋದರತ್ತೆ ಮಾಡಿಸಿದಷ್ಟು ಮದುವೆಗಳನ್ನು ಹೊಸಪೇಟೆಯ ಯಾವ ಅಯ್ಯನವರೂ ಮಾಡಿಸಿರಲಿಕ್ಕಿಲ್ಲ. ತಾನು ಮಾತ್ರ ಮದುವೆಯಾಗಲಿಲ್ಲ, ಆ ಮಾತು ಬಿಡಿ. ಆಕೆ ಒಂದುಗೂಡಿಸುತ್ತಿದ್ದದ್ದು ಗಂಡು ಹೆಣ್ಣುಗಳನ್ನಲ್ಲ, ಸಮೀಕರಣಗಳನ್ನು! ನಗಬೇಡಿ. ಎರಡು ಸಮೀಕರಣಗಳಲ್ಲಿ ಒಂದೇ ಅಕ್ಷರ ಕಣ್ಣಿಗೆ ಬಿದ್ದರೆ ಸಾಕು, ನಮ್ಮತ್ತೆಗೆ ಕೂತಲ್ಲಿ ಕೂರಲಾಗದು. "ಲೇ, ಇವೆರಡೂ ಬೀಗರು ಆಗಬೇಕಾದವು. ಹಿಂಗ ಬ್ಯಾರೆ ಬ್ಯಾರೆ ಯಾಕ ಕುಂತಾವ?" ಎಂದು ಬಸ್ಸಿನ ಪಕ್ಕದ ಸೀಟಿನಲ್ಲಿದ್ದ ನನ್ನನ್ನು ತಿವಿಯುತ್ತಿದ್ದಳು. ನಾನು ಕನ್ನಡ ಮೇಡಂ. ನನಗೆ ಸಮೀಕರಣವೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಬಂದು ಹೋದ ಜ್ವರ. ತಿವಿಸಿಕೊಳ್ಳುವುದಷ್ಟೇ ನನ್ನ ಪಾಲಿನ ಗಣಿತ.

ಸಂಡೂರು ರಸ್ತೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅತ್ತೆ ಗಣಿತ ಕಲಿಸುತ್ತಿದ್ದಳು, ನಾನು ಕನ್ನಡ. ಇಬ್ಬರೂ ಹೊಸಪೇಟೆಯ ಒಂದೇ ಮನೆಯಿಂದ ಒಂದೇ ಬಸ್ಸಿಗೆ ಹೊರಡುವವರು. ಮನೆಯಲ್ಲಿ ಅತ್ತೆ, ಸ್ಟಾಫ್ ರೂಮಿನಲ್ಲಿ ಸೀನಿಯರ್. ತಪ್ಪಿಸಿಕೊಳ್ಳಲು ಎಲ್ಲಿದೆ ಜಾಗ?

ಎಲ್ಲಕ್ಕೂ ಕಾರಣ ಒಂದು ಕ್ಯಾಲ್ಕುಲೇಟರು. ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಆಗ ಅಂಗಡಿಗಳಿದ್ದವು. ಊರು ಬಿಡುವಾಗ ಫಾರಿನ್ನಿನವರು ಮಾರಿ ಹೋದ ಬೂಟು, ಟಾರ್ಚು, ಹರಿದ ಪುಸ್ತಕ, ಮಲಗುವ ಚೀಲ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಒಂದು ಸೋಮವಾರ ವಿರೂಪಾಕ್ಷನ ದರ್ಶನಕ್ಕೆಂದು ಹೋದವರು ಅಂಥದೊಂದು ಅಂಗಡಿಯ ಮುಂದೆ ನಿಂತೆವು. ಅತ್ತೆಯ ಕಣ್ಣು ಕಪ್ಪನೆಯದೊಂದು ಡಬ್ಬಿಯ ಮೇಲೆ ಬಿತ್ತು.

"ಅದು ಫಾರಿನ್ ಟೀವಿ ರಿಮೋಟ್ ರೀ ಮೇಡಂ," ಎಂದ ಅಂಗಡಿಯವನು. "ಭಾಳ ಚಾನೆಲ್ ಬರ್ತಾವ."

ಅತ್ತೆ ಒಂದು ಗುಂಡಿ ಒತ್ತಿದಳು. ಹಳೆಯ ಮಾಲೀಕ ಬರೆದಿಟ್ಟು ಹೋಗಿದ್ದ ಸಮೀಕರಣವೊಂದು ಪುಟ್ಟ ಪರದೆಯ ಮೇಲೆ ಮೂಡಿತು. ವಿರೂಪಾಕ್ಷನ ಗೋಪುರ ಅಷ್ಟೆತ್ತರಕ್ಕೆ ಎದುರಿಗೇ ನಿಂತಿದೆ. ಅತ್ತೆ ಕೈ ಮುಗಿದದ್ದು ಮಾತ್ರ ಈ ಕಡೆಗೆ! ಅಂಗಡಿಯವನು ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಟ್ಟಳು. ನಮ್ಮ ವಂಶದಲ್ಲಿ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ. ರಿಮೋಟಿನ ಜೊತೆಗೆ ಒಂದು ಕೈಪಿಡಿಯೂ ಬಂತು. ಅದು ಯಾವ ಭಾಷೆಯೋ ಏನೋ, ಅಕ್ಷರಗಳ ನೆತ್ತಿಯ ಮೇಲೆ ಎರಡೆರಡು ಚುಕ್ಕೆಗಳು.

ಆ ಯಂತ್ರದ ಮಹಿಮೆಯನ್ನು ನನ್ನಂಥವಳಿಗೂ ತಿಳಿಯುವಂತೆ ಅತ್ತೆ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಗೊತ್ತಿರೋದನ್ನ ಕೊಡು, ಗೊತ್ತಿಲ್ಲದ್ದನ್ನ ಒತ್ತು." ದೂರ, ವೇಗ, ಹೊತ್ತು ಎಂದು ಹೆಸರಿಟ್ಟು ಸಮೀಕರಣವನ್ನು ಒಮ್ಮೆ ಬರೆದಿಟ್ಟರೆ ಆಯಿತು. ಯಾವ ಎರಡನ್ನು ಕೊಟ್ಟರೂ ಮೂರನೆಯದನ್ನು ಅದೇ ಹುಡುಕಿಕೊಡುತ್ತದೆ. ಹಿಂದುಮುಂದು ತಿರುಗಿಸಿ ಬರೆಯುವ ಗೋಜಿಲ್ಲ. ನಾನೂ ಬೆರಗಾದೆ. ಸುಳ್ಳೇಕೆ ಹೇಳಲಿ?

ಆದರೆ ಅದಕ್ಕೂ ಒಂದು ಕೊರತೆಯಿತ್ತು. ಒಂದು ಸಲಕ್ಕೆ ಒಂದೇ ಸಮೀಕರಣ ಬಿಡಿಸುತ್ತಿತ್ತು. ಅವು ಗಣಿಗಾರಿಕೆಯ ಉಬ್ಬರದ ವರ್ಷಗಳು. ಸಂಡೂರು ರಸ್ತೆಯ ತುಂಬ ಅದಿರು ಲಾರಿಗಳ ಸಾಲು. ಮುಂದೆ ಎಷ್ಟು ಲಾರಿಗಳಿವೆಯೋ ಅದರ ಮೇಲೆ ನಮ್ಮ ಬಸ್ಸಿನ ವೇಗ. ಆ ವೇಗದ ಮೇಲೆ ನಾವು ಸ್ಕೂಲು ಮುಟ್ಟುವ ಹೊತ್ತು. ಅತ್ತೆ ಮೊದಲನೆಯದನ್ನು ಬಿಡಿಸಿ, ವೇಗವನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡು, ಎರಡನೆಯದಕ್ಕೆ ತುಂಬಬೇಕು. ಇದು ಆಕೆಗೆ ಸಹಿಸಲಾಗದ ಅವಮಾನವಾಗಿತ್ತು. "ಎರಡರಾಗೂ ವೇಗ ಐತಿ. ಮತ್ತ ನಡುವ ಈ ಟಿಕೆಟ್ ಯಾಕ ಬೇಕು?" ಒಂದು ಬೆಳಿಗ್ಗೆ ಮೊದಲನೆಯದನ್ನು ಹಾಗೇ ಎತ್ತಿ ಎರಡನೆಯದರಲ್ಲಿ ವೇಗವಿದ್ದ ಜಾಗದಲ್ಲಿ ಕೂರಿಸಿದಳು. ಲಾರಿ ಎಷ್ಟೆಂದು ಕೊಟ್ಟರೆ ನೇರವಾಗಿ ಹೊತ್ತು ಬಂತು. ಅತ್ತೆಯ ಮುಖ ಅರಳಿತು. ಅರೆಗಳಿಗೆಯಲ್ಲೇ ಬಾಡಿತು. ಕೂರಿಸುವ ಭರದಲ್ಲಿ ವೇಗ ಎನ್ನುವ ಹೆಸರೇ ಮಾಯವಾಗಿತ್ತಲ್ಲ! ಈಗ ವೇಗ ಎಷ್ಟೆಂದು ಕೇಳಬೇಕೆಂದರೆ ಒತ್ತಲು ಅದು ಇಲ್ಲವೇ ಇಲ್ಲ.

"ಬಸ್ಸಿನ ವೇಗಾನ ಹೋತಲ್ಲೋ!" ಎಂದು ಗಟ್ಟಿಯಾಗಿ ಒದರಿದಳು.

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ತಿರುಗಿ ನೋಡಿದ. "ಮೇಡಂ, ಈ ಬಸ್ಸಿಗೆ ಅದು ಮೊದಲಿಂದಾನೂ ಇಲ್ರಿ."

ಹೊಸದನ್ನೂ ಉಳಿಸಿಕೊಂಡು ಹಳೆಯದನ್ನೂ ಬಿಡದಿರುವ ದಾರಿ ಆ ಚುಕ್ಕೆಯಕ್ಷರದ ಕೈಪಿಡಿಯಲ್ಲಿ ಇರಲೇಬೇಕೆಂದು ಅತ್ತೆಗೆ ಅನುಮಾನ. ಸರಿ, ಭಾನುವಾರಗಳಲ್ಲಿ ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲೊಂದರಲ್ಲಿ ನಮ್ಮ ಬೇಟೆ ಶುರುವಾಯಿತು. ಹಂಪಿಗೆ ಹೋಗುವ ಫಾರಿನ್ನಿನವರು ಅಲ್ಲಿ ಇಡ್ಲಿಗೆ ನಿಲ್ಲುತ್ತಿದ್ದರು. ಅತ್ತೆ ಎದುರಿಗೆ ಕೂತು ಪುಟ ಬಿಡಿಸಿ ಹಿಡಿಯುವಳು. ಜಟೆ ಬಿಟ್ಟ ಒಬ್ಬ ತನ್ನದು ಆ ದೇಶವಲ್ಲವೆಂದು ತಲೆಯಾಡಿಸಿದ. ಇನ್ನೊಬ್ಬ ಚಂದಾ ಕೇಳುತ್ತಿದ್ದಾರೆಂದು ತಿಳಿದು ಹತ್ತು ರೂಪಾಯಿ ಕೊಟ್ಟ! ಮೂರನೆಯ ಭಾನುವಾರ ಒಬ್ಬ ಜರ್ಮನ್ ಅಜ್ಜಿ ಸಿಕ್ಕಳು, ನರ್ಸಾಗಿದ್ದು ನಿವೃತ್ತಳಾದವಳು. ಕನ್ನಡಕ ಏರಿಸಿ, ಬೆರಳಿಟ್ಟು, ಇಡೀ ಪುಟವನ್ನು ಎರಡು ಸಲ ಓದಿದಳು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: "ಇದು ನನ್ನ ತಾಯಿಭಾಷೆಯೇ ಹೌದು. ಆದರೆ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ."

ಪಾಪ, ನೊಂದುಕೊಂಡಳು. ಆದರೂ ಮತ್ತೆ ಮತ್ತೆ ಬರುತ್ತಿದ್ದ ಒಂದು ಪದದ ಅರ್ಥ ಹೇಳಿದಳು. 'ಒಂದು ವೇಳೆ'.

ಅತ್ತೆ ಇಡ್ಲಿ ಬಿಟ್ಟು ಎದ್ದು ನಿಂತಳು. ಒಂದು ವೇಳೆ ಇದನ್ನು ಕೇಳಿದರೆ ಈ ದಾರಿ ಹಿಡಿ, ಇಲ್ಲವಾದರೆ ಆ ದಾರಿ ಹಿಡಿ ಎಂದು ಎರಡೂ ಸಮೀಕರಣಗಳನ್ನು ಒಂದೇ ಸಾಲಿನೊಳಗೆ ಇರಿಸಬಹುದಿತ್ತು! ಯಾವ ಹೆಸರೂ ಕಳೆದುಹೋಗುವುದಿಲ್ಲ. 'ಒಂದು ವೇಳೆ' ಎನ್ನುವುದು ನಮ್ಮ ಇಲಾಖೆಯ ಪದ. ಅದು ಗಣಿತದಲ್ಲಿ ಇಷ್ಟೆಲ್ಲ ದುಡಿಯುತ್ತದೆಂದು ನನಗೇನು ಗೊತ್ತು? ಅತ್ತೆ ಆ ಅಜ್ಜಿಯ ಎರಡೂ ಕೈ ಹಿಡಿದು ಕನ್ನಡದಲ್ಲೇ ಏನೇನೋ ಹೇಳಿದಳು. ಅಜ್ಜಿ ಜರ್ಮನ್ನಿನಲ್ಲಿ ಏನೋ ಹೇಳಿದಳು. ಇಬ್ಬರಿಗೂ ತಿಳಿಯಿತು.

ಆಮೇಲೆ ಹಿಡಿಯುವವರು ಯಾರು? ಕಂಪ್ಲಿಯಲ್ಲಿ ನಮ್ಮ ಕಡೆಯ ಒಂದು ಮದುವೆ. ಹುಡುಗಿಯ ಅಪ್ಪ ಅಕ್ಕಿ ಗಿರಣಿಯವರು. ಅಡುಗೆಯವನು ಎಷ್ಟು ಮಂದಿಗೆ ಅನ್ನ ಇಡಲಿ ಎಂದು ಕೇಳಿದರೆ ಅವರು "ಇಡಪ್ಪ, ಐನೂರಾಗಬಹುದು, ಸಾವಿರಾನೂ ಆಗಬಹುದು" ಎಂದು ಕೈ ತಿರುವಿದರು. ಗಿರಣಿಯವರಿಗೆ ಅಕ್ಕಿಯ ಚಿಂತೆ ಎಲ್ಲಿಯದು? ಅತ್ತೆ ಸೀರೆ ಸಿಕ್ಕಿಸಿ ಹೊರಬಿದ್ದಳು. ಚಪ್ಪಲಿಯಿಂದ ಮಂದಿ, ಮಂದಿಯಿಂದ ಅಕ್ಕಿ, ಅಕ್ಕಿಯಿಂದ ನೀರು, ನೀರಿನಿಂದ ಕೊಪ್ಪರಿಗೆ. ಎಲ್ಲ ಸೇರಿ ಒಂದೇ ಸಾಲು! ಬಾಗಿಲಲ್ಲಿನ ಚಪ್ಪಲಿ ಎಣಿಸಿ ತುಂಬಿ ಕೊಪ್ಪರಿಗೆಯನ್ನು ಒತ್ತಿದಳು. ಮೂರು ಕೊಪ್ಪರಿಗೆ ಎಂದಿತು. ಇಟ್ಟರು. ಊಟವೆಲ್ಲ ಮುಗಿದಾಗ ಒಂದೂವರೆ ಕೊಪ್ಪರಿಗೆ ಅನ್ನ ಹಾಗೇ ಉಳಿಯಿತು. ನೋಡಿದರೆ, ಅದೇ ಬಾಗಿಲಿನಿಂದ ಹೋಗುವ ಪಕ್ಕದ ಹಾಲ್‌ನಲ್ಲಿ ಇನ್ನೊಂದು ಮದುವೆ ನಡೆದಿತ್ತು.

"ಏನವ್ವಾ ತಂಗಿ, ನಿನ್ನ ಲೆಕ್ಕ ತಪ್ಪಿತಲ್ಲ?" ಎಂದರು ಗಿರಣಿಯವರು.

"ಸಮೀಕರಣ ಬರೋಬ್ಬರಿ ಐತಿ ಅಣ್ಣಾ," ಎಂದಳು ಅತ್ತೆ ಗಂಭೀರವಾಗಿ. "ಚಪ್ಪಲಿ ತಪ್ಪು ಅದಾವ."

ಹೀಗೆ ನಾನು ನಗುತ್ತಾ ಇದ್ದೆ. ನನ್ನ ನಗು ನಿಂತದ್ದು ನಮ್ಮ ಸ್ಕೂಲಿನ ಒಂಬತ್ತನೇ ಕ್ಲಾಸಿನ ಕೋಣೆಯಿಂದಾಗಿ.

ಆ ಕೋಣೆಯ ಹಿಂಗೋಡೆಯೇ ಸ್ಕೂಲಿನ ಕಂಪೌಂಡು. ಅದರ ಆಚೆ ಮೊದಲು ಜೋಳದ ಹೊಲವಿತ್ತು. ಗಣಿಯ ಕಾಲದಲ್ಲಿ ಅದು ಅದಿರು ರಾಶಿ ಹಾಕುವ ಪ್ಲಾಟ್ ಆಯಿತು. ಗುಡ್ಡದಿಂದ ಟಿಪ್ಪರುಗಳು ಬಂದು ಸುರಿಯುವುದು, ಇಲ್ಲಿಂದ ಲಾರಿಗಳು ಹೊತ್ತೊಯ್ಯುವುದು. ರಾಶಿ ಏರುತ್ತಿತ್ತು, ಕರಗುತ್ತಿತ್ತು. ಹುಡುಗರ ಬಿಳಿ ಅಂಗಿ ಕೆಂಪಾಯಿತು. ಬಿಸಿಯೂಟದ ಸಾರಿಗೆ ಖಾರ ಹಾಕದಿದ್ದರೂ ಬಣ್ಣ ಬಂತು! ಎಲ್ಲದಕ್ಕೂ ಒಗ್ಗಿಕೊಂಡೆವು. ಆ ವರ್ಷ ಮಾತ್ರ ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಹೊಸ ರಾಶಿಯೊಂದು ಗೋಡೆಗೇ ಒರಗಿ ಕೂತಿದೆ. ಕೆಮ್ಮಣ್ಣಿನ ಹಾಗೆ ಕಾಣುವ ಪುಡಿ ಅದಿರು ಕಿಟಕಿಯ ಅಂಚಿನವರೆಗೂ ಏರಿದೆ.

ಹೆಡ್‌ಮಾಸ್ತರರು ಒಳ್ಳೆಯವರು. "ಮ್ಯಾಲಿನವರಿಗೆ ಪತ್ರ ಬರೀತೀನಿ" ಎಂದರು. ಬರೆದರು. ಪತ್ರ ಹೋದ ಕಡೆಯಿಂದ ಏನೂ ಬರಲಿಲ್ಲ, ಪ್ಲಾಟಿನ ಕಡೆಯಿಂದ ಮಾತ್ರ ಟಿಪ್ಪರುಗಳ ಸದ್ದು ನಿಲ್ಲಲಿಲ್ಲ. ಅತ್ತೆ ತಲೆಯ ಪಿನ್ನು ತೆಗೆದು ಗೋಡೆಯ ಇಟ್ಟಿಗೆಗಳ ಸಂದನ್ನು ಕೆರೆದಳು. ಮೇಲೆ ಮಾತ್ರ ತೆಳ್ಳಗೆ ಸಿಮೆಂಟು, ಒಳಗೆ ಬರೀ ಮಣ್ಣು. ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡು, "ನಡೀ, ಪ್ಲಾಟಿಗೆ ಹೋಗೂಣು" ಎಂದಳು.

ಪ್ಲಾಟಿನ ಮ್ಯಾನೇಜರ್ ಇನ್ನೂ ಹುಡುಗುತನ ಮಾಸದ ಮುಖದವನು. ಕಪ್ಪು ಕನ್ನಡಕ, ಎರಡು ಮೊಬೈಲು. ಆ ರಾಶಿಯ ತೂಕ ಎಷ್ಟೆಂದು ಅತ್ತೆ ಕೇಳಿದಳು.

"ಅದನ್ನೆಲ್ಲ ಹೇಳಾಕ ಬರಂಗಿಲ್ರಿ ಮೇಡಂ. ಆಫೀಸಿನ ವಿಷಯ."

"ಎತ್ತರ?"

"ಅದೂ ಆಫೀಸಿಂದ ರೀ."

"ಬ್ಯಾಡ ಬಿಡಪ್ಪ. ಬಿಸಿಲಾಗ ಬಂದೀವಿ, ಚಾನರ ಕುಡಸ್ತೀಯೇನು?"

ಕುರ್ಚಿ ಹಾಕಿಸಿದ. ಚಹಾ ಬಂತು. ಅತ್ತೆ ಊದಿ ಊದಿ ಕುಡಿಯುತ್ತಾ, "ಚಾ ಮಸ್ತ್ ಐತಿ. ಡ್ರೈವರ್‌ಗೋಳಿಗೂ ಇದನ್ನ ಕೊಡ್ತೀರೇನು?" ಎಂದಳು.

"ಕೊಡಲಾರದ ಬಿಡ್ತಾರೇನ್ರಿ? ಒಂದು ಟ್ರಿಪ್ಪಿಗೆ ಒಂದು ಚಾ. ದಿನಾ ನಲವತ್ತು ಚಾ ಹೋಗ್ತಾವ ನೋಡ್ರಿ, ಸಾಕಾಗಿ ಹೋಗೈತಿ."

"ಎಷ್ಟು ದಿನಾತು, ಈ ರಾಶಿ ಹಾಕಾಕ ಹತ್ತಿ?"

"ಮೂರು ವಾರ ಆತ್ರಿ."

ಟಿಪ್ಪರು ಹದಿನೈದು ಟನ್ ಹೊರುತ್ತದೆಂಬುದು ಆಗ ರಸ್ತೆಯ ಎಲ್ಲರಿಗೂ ಗೊತ್ತಿತ್ತು. ಅತ್ತೆ ಚಹಾದ ಕಪ್ಪು ಕೆಳಗಿಟ್ಟು ಯಂತ್ರ ತೆಗೆದಳು. ಚಹಾದಿಂದ ಟ್ರಿಪ್ಪು, ಟ್ರಿಪ್ಪಿನಿಂದ ತೂಕ, ತೂಕದಿಂದ ರಾಶಿಯ ಗಾತ್ರ, ಗಾತ್ರದಿಂದ ಎತ್ತರ, ಎತ್ತರದಿಂದ ಗೋಡೆಯ ಮೇಲೆ ಬೀಳುವ ನೂಕು. ಐದು ಸಮೀಕರಣಗಳನ್ನು ಹಿಂದಿನ ಇಡೀ ವಾರ ಬಸ್ಸಿನಲ್ಲಿ ಕೂತು ಒಂದಕ್ಕೊಂದು ಬೆಸೆದಿದ್ದಳು. ನಾನು ತಿವಿಸಿಕೊಂಡಿದ್ದೆ. ಸರಪಳಿಯ ಯಾವ ಕೊಂಡಿ ಸಿಕ್ಕರೂ ಸಾಕು, ಪೂರ್ತಿ ಸರಪಳಿ ಕೈಗೆ ಬರುವ ಹಾಗೆ.

"ಹನ್ನೆರಡು ಸಾವಿರದ ಆರುನೂರು ಟನ್ನು," ಎಂದಳು ಅತ್ತೆ. "ಎತ್ತರ ಹದಿನಾಲ್ಕು ಮೀಟರು. ಹೌದಲ್ಲೋ?"

ಮ್ಯಾನೇಜರ್ ಕನ್ನಡಕ ತೆಗೆದ. "ಮೇಡಂ... ನಿಮಗ ಆಫೀಸಿನವ್ರು ಯಾರು ಹೇಳಿದ್ರು?"

"ನೀನ ಹೇಳಿದೆಲ್ಲಪ್ಪ. ಚಾದ ಲೆಕ್ಕದಾಗ."

ಇಷ್ಟು ವರ್ಷ ಇದೇ ಹೆಂಗಸಿನ ಜೊತೆ ಒಂದೇ ಸೀಟಿನಲ್ಲಿ ಕೂತು ಬಂದಿದ್ದೆನೆ? ಆಕೆ ಮುಂದುವರಿದಳು. ಈಗ ಅದೇ ಸಾಲನ್ನು ಹಿಂದುಮುಂದಾಗಿ ಕೇಳಿದಳು. ಗೋಡೆ ತಡೆಯುವಷ್ಟು ನೂಕನ್ನು ಕೊಟ್ಟು, ಮಳೆಯಲ್ಲಿ ನೆನೆದ ಅದಿರಿನ ಭಾರವನ್ನು ತುಂಬಿ, ಎತ್ತರವನ್ನು ಒತ್ತಿದಳು. ಬಂದದ್ದು ಒಂಬತ್ತು ಮೀಟರು. "ಒಣಗಿದ್ದಾಗ ನಿಂತೈತಿ. ಒಂದು ದೊಡ್ಡ ಮಳಿ ಬಂದ್ರ ನಿಂದ್ರಂಗಿಲ್ಲ. ಐದು ಮೀಟರು ಇಳಸಪ್ಪ. ಒಳಗ ನಲವತ್ತೆರಡು ಹುಡುಗ್ರು ಕುಂದ್ರತಾವ."

ಆತ ಮತ್ತೆ ಕನ್ನಡಕ ಏರಿಸಿಕೊಂಡ. "ನಾನು ಸಂಬಳದಾಂವ ರೀ ಮೇಡಂ. ಹೇಳಿ ನೋಡ್ತೀನಿ" ಎಂದ. ರಾಶಿ ಇಳಿಯಲಿಲ್ಲ.

ಮರುದಿನ ಅತ್ತೆ ಯಾರನ್ನೂ ಕೇಳದೆ ಒಂಬತ್ತನೇ ಕ್ಲಾಸನ್ನು ಬೆಂಚು ಸಮೇತ ಎಬ್ಬಿಸಿ ಮೈದಾನದ ಆ ತುದಿಯ ಬಯಲು ರಂಗಮಂಟಪದ ಮೇಲೆ ಕೂರಿಸಿದಳು. ಕೂರಿಸಿದ್ದೇ ತಡ, ಹುಡುಗರಿಗೆ ಬಣ್ಣ ಹಚ್ಚಿದಂತಾಯಿತು. ಹಾಜರಿ ಕರೆದರೆ "ಬಂದೆನು ಗುರುಗಳೇ!" ಎಂದು ಎದೆಯುಬ್ಬಿಸಿ ನಿಲ್ಲುವರು. ರಸ್ತೆಯಲ್ಲಿ ಹೋಗುವವರು "ನಾಟಕ ಯಾವತ್ತು ರೀ ಮೇಡಂ?" ಎಂದು ಕೂಗುವರು. ಒಂದು ವಾರವಾಯಿತು. ಹತ್ತು ದಿನವಾಯಿತು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಗೋಡೆ ಬಂಡೆಯಂತೆ ನಿಂತಿದೆ. ಅನುಮತಿ ಇಲ್ಲದೆ ತರಗತಿ ಬದಲಿಸಿದ್ದಕ್ಕೆ ಮೇಲಿನಿಂದ ಅತ್ತೆಗೆ ನೋಟಿಸು ಬಂತು. ಗೋಡೆಯ ಬಗ್ಗೆ ಬರೆದ ಪತ್ರಕ್ಕೆ ಉತ್ತರವಿಲ್ಲ, ಇದಕ್ಕೆ ಮಾತ್ರ ನಾಲ್ಕೇ ದಿನ!

ಅಂದು ಬಸ್ಸಿನಲ್ಲಿ ಅತ್ತೆ ನನ್ನನ್ನು ತಿವಿಯಲಿಲ್ಲ. ಕಿಟಕಿಯಾಚೆ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು: "ಲೇ, ಎಲ್ಲಾ ಗೊತ್ತಿತ್ತು. ಗೋಡಿ ಎಷ್ಟು ತಡೀತದ ಅನ್ನೋದೊಂದು ನಾ ಅಂದಾಜಿಲೆ ಹಾಕೀನಿ. ಅದು ತಪ್ಪಿದ್ರ, ಹುಡುಗ್ರನ್ನ ಸುಮ್ಮ ಬಯಲಾಗ ಕುಂದ್ರಿಸಿದಂಗಾತು."

"ತಪ್ಪಿದ್ರ ಛಲೋ ಆತಲ್ಲ ಅತ್ತಿ. ಗೋಡಿ ಉಳೀತದ," ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಕನ್ನಡ ಮೇಡಂ ಒಮ್ಮೊಮ್ಮೆ ಶಾಣ್ಯಾಕಿ ಆಗ್ತಾಳ" ಎಂದಳು.

ಮಳೆ ಬಂದದ್ದು ಅದಾದ ಮೂರನೆಯ ದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ. ಸಂಡೂರಿನ ಗುಡ್ಡಗಳು ಮೊದಲು ಕಾಣದಾದವು. ಆಮೇಲೆ ರಸ್ತೆ ಕಾಣದಾಯಿತು. ಮ್ಯಾನೇಜರ್ ಬೈಕಿನಲ್ಲಿ ಹೊಯ್ಕೊಳ್ಳುತ್ತಾ ಬಂದ: "ಮೇಡಂ! ಹುಡುಗ್ರು ಹೊರಗದಾರಲ್ರೀ? ಆ ಕಡಿ ಯಾರನ್ನೂ ಬಿಡಬ್ಯಾಡ್ರಿ!" ಅಂದರೆ ಆತ ಅಂದಿನಿಂದಲೂ ಆ ಒಂಬತ್ತು ಮೀಟರನ್ನು ಎದೆಯಲ್ಲಿಟ್ಟುಕೊಂಡೇ ತಿರುಗಿದ್ದ. ರಂಗಮಂಟಪದ ತಗಡು ಸೋರುತ್ತಿತ್ತು. ಹುಡುಗರನ್ನೆಲ್ಲ ಒತ್ತಿ ಒಂದು ಮೂಲೆಗೆ ನಿಲ್ಲಿಸಿದ್ದೆವು. ಅರ್ಧ ಗಂಟೆ ಮಳೆ ಹೊಡೆಯಿತು.

ಗೋಡೆ ಬಿದ್ದಾಗ ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಆಯಾಸದಿಂದ ಕೂತಂತೆ ಕೂತಿತು. ಹಿಂದೆಯೇ ಕೆಂಪು ರಾಶಿ ಒಳಗೆ ನುಗ್ಗಿ, ಕರಿಹಲಗೆಯನ್ನು ದೂಡಿಕೊಂಡು ಮುಂಬಾಗಿಲಿನಿಂದ ಹೊರಗೆ ಬಂತು.

ಅತ್ತೆ ಎಣಿಸತೊಡಗಿದಳು. ಬೆರಳು ತೋರಿಸಿ, ತುಟಿಯಾಡಿಸಿ. ಮತ್ತೆ ಮೊದಲಿನಿಂದ ಎಣಿಸಿದಳು.

"ನಲವತ್ತೊಂದು," ಎಂದಳು. "ಲೇ, ನಲವತ್ತೊಂದ ಅದಾವ!"

ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಬಿಡಿಸಿ ಹೆಸರು ಕರೆಯಲು ಹೊರಟೆ. ಅಷ್ಟರಲ್ಲಿ ಅತ್ತೆ ಮಂಟಪದಿಂದ ಕೆಳಗೆ ಹಾರಿದ್ದಳು. ಐವತ್ತು ದಾಟಿದ, ಮಂಡಿ ನೋವೆಂದು ಬಸ್ಸಿನ ಮೆಟ್ಟಿಲು ಹತ್ತಲು ನನ್ನ ಹೆಗಲು ಹಿಡಿಯುವ ನಮ್ಮತ್ತೆ, ಆ ಮಳೆಯಲ್ಲಿ, ಆ ಕೆಸರಿನಲ್ಲಿ ಓಡುತ್ತಿದ್ದಳು! ಆ ಬಿದ್ದ ಕೋಣೆಯತ್ತ. ಮ್ಯಾನೇಜರ್ ಅಡ್ಡ ಬಂದರೆ ಅವನನ್ನು ತಳ್ಳಿದಳು. ಬಾಗಿಲ ಮುಂದೆ ಮಂಡಿಯೂರಿ ಎರಡೂ ಕೈಯಿಂದ ಅದಿರು ತೋಡತೊಡಗಿದಳು.

ಆಗ ನನಗೆ ಕಂಡಿತು. ಆಕೆಯ ಬೆನ್ನ ಹಿಂದೆ ಒಂದು ಪುಟ್ಟ ಹುಡುಗಿ. ಅತ್ತೆಯ ಸೆರಗನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ. ಮಳೆ ಶುರುವಾದಾಗ ಹೆದರಿ ಹಿಡಿದವಳು ಬಿಟ್ಟೇ ಇಲ್ಲ. ಅತ್ತೆ ಎಣಿಸುವಾಗ ಹಿಂದೆ ನಿಂತಿದ್ದಾಳೆ, ಹಾರಿದಾಗ ಜೊತೆಗೇ ಹಾರಿದ್ದಾಳೆ, ಓಡಿದಾಗ ಹಿಂದೆಯೇ ಓಡಿದ್ದಾಳೆ. "ಮೇಡಂ, ಮೇಡಂ" ಎಂದು ಅಳುತ್ತಿದ್ದಾಳೆ, ಮಳೆಯ ಸದ್ದಿಗೆ ಅದು ಕೇಳುತ್ತಿಲ್ಲ.

"ಅತ್ತೀ! ಹಿಂದ ನೋಡು!" ಎಂದು ಕಿರುಚಿದೆ.

ತಿರುಗಿದಳು. ನೋಡಿದಳು. ಆಮೇಲೆ ಅಲ್ಲೇ ಕೆಸರಿನಲ್ಲಿ ಕೂತು ಆ ಹುಡುಗಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಣ್ಣು ಒರೆಸಲು ಹೋಗಿ ಅವಳ ಕೆನ್ನೆಯ ತುಂಬ ಕೆಂಪು ಬಳಿದಳು. ಕೊನೆಗೆ ಕೇಳಿದ್ದು ಇಷ್ಟೇ:

"ಊಟ ಮಾಡೀಯೇನವ್ವಾ?"

"ಹೂನ್ರಿ ಮೇಡಂ," ಎಂದಳು ಹುಡುಗಿ ಬಿಕ್ಕುತ್ತಾ.

ಅತ್ತೆ ಅವಳ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡು, ಅದನ್ನೇ ಮತ್ತೆ ಕೇಳಿದಳು.